ನೋವು ಹೋಯ್ತು ಅಂದ್ರೆ ಕಾಲು ರೆಡಿ ಅಂತಲ್ಲ: ಹಿಮಾ ದಾಸ್ ಓಟ ಪದೇ ಪದೇ ನಿಂತಿದ್ದು ಯಾಕೆ?

2021ರ ಜೂನ್ ಕೊನೇಲಿ ಪಟಿಯಾಲದ ಟ್ರ್ಯಾಕಲ್ಲಿ ಎಂಟು ದಿನದ ಅಂತರದಲ್ಲಿ ನಡೆದ ಎರಡು ಓಟ ನಂಗಿನ್ನೂ ಕಣ್ಣಿಗೆ ಕಟ್ಟಿದಂಗಿದೆ. ಮೊದಲನೇದು ಇಂಡಿಯನ್ ಗ್ರ್ಯಾಂಡ್ ಪ್ರಿ, ಅಲ್ಲಿ ಹಿಮಾ ದಾಸ್ 200 ಮೀಟರ್‌ನ 22.88 ಸೆಕೆಂಡಲ್ಲಿ ಮುಗಿಸಿದ್ಲು. ಅವಳ ಬೆಸ್ಟ್ ಟೈಮು ಅದು. ಟೋಕಿಯೊ ಒಲಿಂಪಿಕ್ಸ್‌ಗೆ ಬೇಕಿದ್ದಿದ್ದು 22.80, ಸರಸ್ವತಿ ಸಾಹಾ 2002ರಲ್ಲಿ ಮಾಡಿದ್ದ ನ್ಯಾಷನಲ್ ರೆಕಾರ್ಡೇ 22.82, ಅಂದ್ರೆ ಒಲಿಂಪಿಕ್ಸ್ ಬಾಗಿಲು ದಾಟ್ಬೇಕು ಅಂದ್ರೆ ದೇಶದ ರೆಕಾರ್ಡನ್ನೂ ಮುರೀಬೇಕಿತ್ತು, ಅದಕ್ಕೆ ಉಳಿದಿದ್ದು ಬರೀ 0.08 ಸೆಕೆಂಡ್. ಅದಾಗಿ ಕೆಲವೇ ದಿನಕ್ಕೆ ಇಂಟರ್‌ಸ್ಟೇಟ್ ಮೀಟ್. 100 ಮೀಟರ್ ಹೀಟ್ಸಲ್ಲಿ, ಅಂದ್ರೆ ಮೊದಲ ಸುತ್ತಲ್ಲಿ, ತೊಡೆ ಹಿಂಭಾಗ ಎಳೀತು, ಹ್ಯಾಮ್‌ಸ್ಟ್ರಿಂಗ್. ಅಷ್ಟಾದ್ರೂ 200 ಮೀಟರ್ ಫೈನಲ್‌ಗೆ ಬಂದು ಬ್ಲಾಕಲ್ಲಿ ಕೂತ್ಲು, ಯಾಕಂದ್ರೆ ಕ್ವಾಲಿಫೈ ಆಗೋಕೆ ಕೊನೇ ದಿನ ಜೂನ್ 29, ಅದು ಬಿಟ್ರೆ ಇನ್ನೊಂದು ರೇಸೇ ಇರ್ಲಿಲ್ಲ. ಓಡಿದ್ಲು. ಟೈಮು 25 ಸೆಕೆಂಡ್ ದಾಟಿತ್ತು. ಟೋಕಿಯೊ ಅಲ್ಲಿಗೆ ಮುಗೀತು.

ಆವತ್ತಿಂದ ಎಲ್ಲರ ಬಾಯಲ್ಲೂ ಒಂದೇ ಮಾತು, "ಪಾಪ, ಅದೃಷ್ಟ ಇಲ್ಲ". ನಂಗೆ ಆ ಮಾತು ಕೇಳಿದ್ರೆ ಹೊಟ್ಟೆ ಉರಿಯುತ್ತೆ. ಸ್ಪ್ರಿಂಟರ್‌ಗೆ ಮೊದಲ ಸಲ ಸ್ನಾಯು ಹರಿದ್ರೆ ಅದನ್ನ ಅದೃಷ್ಟದ ಲೆಕ್ಕಕ್ಕೆ ಹಾಕ್ಬಹುದು, ಒಪ್ಪೋಣ. ಆದ್ರೆ ಎರಡನೇ ಸಲ, ಮೂರನೇ ಸಲ ಅದೇ ಕಾಲು ಅದೇ ಬೆನ್ನು ಕೈ ಕೊಟ್ರೆ ಅದರ ಹಿಂದೆ ಕ್ಯಾಲೆಂಡರ್ ಇರುತ್ತೆ, ಟ್ರಯಲ್ಸ್ ಡೇಟ್ ಇರುತ್ತೆ, "ಈಗ ನೋವಿಲ್ಲ ಸರ್" ಅನ್ನೋ ಒಂದು ವಾಕ್ಯ ಇರುತ್ತೆ, ಅದನ್ನ ನಂಬಿ ಹೂಂ ಅಂದವರೊಬ್ಬರು ಇರ್ತಾರೆ. ಬೆಳಗ್ಗೆ ಹೊತ್ತು ಹುಡುಗರಿಗೆ ಸ್ಟಾಪ್‌ವಾಚ್ ಹಿಡಿಯೋಕೆ ಅಂತ ವರ್ಷಗಟ್ಟಲೆ ಟ್ರ್ಯಾಕ್ ಪಕ್ಕ ನಿಂತಿದೀನಿ, ಆ ವಾಕ್ಯ ಎಷ್ಟು ಸಲ ಕೇಳಿದೀನೋ ಲೆಕ್ಕ ಇಟ್ಟಿಲ್ಲ.

ಮೊದ್ಲು ಅವಳು ಏನಾಗಿದ್ಲು ಅನ್ನೋದು ನೆನಪಿರ್ಲಿ, ಯಾಕಂದ್ರೆ ಜನ ಮರೀತಾರೆ. ಅಸ್ಸಾಂನ ನಗಾಂವ್ ಜಿಲ್ಲೆ, ಧಿಂಗ್ ಹತ್ರದ ಹಳ್ಳಿ, ಭತ್ತ ಬೆಳೆಯೋ ಮನೆ, ಹುಡುಗರ ಜೊತೆ ಫುಟ್‌ಬಾಲ್ ಆಡ್ಕೊಂಡಿದ್ದ ಹುಡುಗಿ. 2018ರ ಏಪ್ರಿಲಲ್ಲಿ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಗೇಮ್ಸಲ್ಲಿ 400 ಮೀಟರ್ ಫೈನಲ್, ಆರನೇ ಸ್ಥಾನ, 51.32. ಜುಲೈ 12ಕ್ಕೆ ಫಿನ್‌ಲೆಂಡಿನ ಟಾಂಪೆರೆಲಿ ಅಂಡರ್ 20 ವಿಶ್ವ ಚಾಂಪಿಯನ್‌ಶಿಪ್, ಕೊನೇ ತಿರುವಲ್ಲಿ ಹಿಂದಿದ್ದವಳು ನೇರ ಟ್ರ್ಯಾಕಿಗೆ ಬಂದಿದ್ದೇ ತಡ ಒಬ್ಬೊಬ್ಬರನ್ನೇ ದಾಟಿ 51.46ಕ್ಕೆ ಚಿನ್ನ ತಗೊಂಡ್ಲು. ವಿಶ್ವ ಮಟ್ಟದ ಅಥ್ಲೆಟಿಕ್ಸ್ ಕೂಟದಲ್ಲಿ ಟ್ರ್ಯಾಕ್ ಓಟದಲ್ಲಿ ಚಿನ್ನ ಗೆದ್ದ ಮೊದಲ ಭಾರತೀಯಳು. ಆಗಸ್ಟಲ್ಲಿ ಜಕಾರ್ತಾ ಏಷ್ಯನ್ ಗೇಮ್ಸ್, ಹೀಟ್ಸಲ್ಲಿ 51.00 ಓಡಿ ಮನ್‌ಜೀತ್ ಕೌರ್ ಅವರ 2004ರ ರೆಕಾರ್ಡ್ ಮುರಿದ್ಲು, ಮಾರನೇ ದಿನ ಫೈನಲಲ್ಲಿ 50.79, ಬೆಳ್ಳಿ. ಜೊತೆಗೆ ನಮ್ಮ ಪೂವಮ್ಮ ಅವರೆಲ್ಲ ಇದ್ದ 4x400 ರಿಲೇಲಿ ಚಿನ್ನ, ಮಿಕ್ಸೆಡ್ ರಿಲೇಲಿ ಆವತ್ತು ಬೆಳ್ಳಿ, ಬಹರೇನ್ ಓಟಗಾರ್ತಿ ಡೋಪಿಂಗಲ್ಲಿ ಸಿಕ್ಕಿ ಬಿದ್ದ ಮೇಲೆ ಅದೂ ಚಿನ್ನವೇ ಆಯ್ತು. ಆಗ ಅವಳ ವಯಸ್ಸು 18. ಆರು ವರ್ಷ ಆದ್ಮೇಲೆ 2024ರಲ್ಲಿ ಕಿರಣ್ ಪಹಲ್ 50.92 ಓಡಿ ಪ್ಯಾರಿಸ್ ಒಲಿಂಪಿಕ್ಸ್‌ಗೆ ಕ್ವಾಲಿಫೈ ಆದ್ರಲ್ಲ, ಆಗ್ಲೂ ಹಿಮಾಳ 50.79 ಅಲುಗಾಡ್ಲಿಲ್ಲ.

18ನೇ ವಯಸ್ಸಲ್ಲಿ ಓಡಿದ ಟೈಮನ್ನ ಆಮೇಲೆ ಅವಳೇ ಮುಟ್ಟೋಕೆ ಆಗ್ಲಿಲ್ಲ. ಯಾಕೆ ಅಂದ್ರೆ ಬೆನ್ನಿಂದ ಶುರು ಮಾಡ್ಬೇಕು, ಕಾಲಿಂದ ಅಲ್ಲ.

2019ರ ಏಪ್ರಿಲ್, ದೋಹಾ ಏಷ್ಯನ್ ಚಾಂಪಿಯನ್‌ಶಿಪ್. 400 ಮೀಟರ್ ಹೀಟ್ಸಲ್ಲಿ ಅರ್ಧಕ್ಕೇ ನಿಂತ್ಲು, ಕೆಳಬೆನ್ನು ನೋವು. ಜುಲೈಲಿ ಪೋಲೆಂಡು, ಚೆಕ್ ದೇಶಗಳಲ್ಲಿ ಮೂರು ವಾರದ ಒಳಗೆ ಐದು ರೇಸ್, ಐದು ಚಿನ್ನ. ನಾಲ್ಕು 200 ಮೀಟರು, ಕೊನೇದೊಂದು 400 ಮೀಟರು, 52.09. ನಮ್ಮಲ್ಲಿ ಹಬ್ಬ ಮಾಡಿದ್ವಿ, ವಾಟ್ಸಾಪ್ ತುಂಬಾ ಅದೇ, ನಾನೂ ಫಾರ್ವರ್ಡ್ ಮಾಡಿದೀನಿ. ಆದ್ರೆ ಅವು ದೊಡ್ಡ ಮೀಟ್‌ಗಳಾಗಿರ್ಲಿಲ್ಲ, ಸಣ್ಣ ಮಟ್ಟದವು, 23.25ಇಂದ 23.97ರ ನಡುವಿನ ಟೈಮ್‌ಗಳು, ಅದರ ಪದಕಗಳ ಎಣಿಕೆ ಮಧ್ಯೆ ಒಂದು ಪ್ರಶ್ನೆ ಕಳೆದೇ ಹೋಯ್ತು: ಮೂರು ತಿಂಗಳ ಹಿಂದೆ ಬೆನ್ನು ಹಿಡಿದು ನಿಂತಿದ್ದ 19ರ ಹುಡುಗಿ ನಾಲ್ಕೈದು ದಿನಕ್ಕೊಂದು ರೇಸ್ ಓಡ್ತಿದಾಳೆ, ಮಧ್ಯೆ ಪ್ರಯಾಣ, ಆ ಬೆನ್ನಿಗೆ ರಿಪೇರಿ ಆಗೋಕೆ ಟೈಮ್ ಎಲ್ಲಿದೆ? ಸೆಪ್ಟೆಂಬರಲ್ಲಿ ಉತ್ತರ ಬಂತು. ದೋಹಾ ವಿಶ್ವ ಚಾಂಪಿಯನ್‌ಶಿಪ್‌ಗೆ ಅವಳು ಇಲ್ಲ, ಬೆನ್ನು ನೋವು.

ಇಲ್ಲಿ ಸ್ವಲ್ಪ ಶರೀರದ ವಿಷಯಕ್ಕೆ ಹೋಗ್ಬೇಕು, ಇದು ಗೊತ್ತಿಲ್ದೆ ಮುಂದಿನದು ಅರ್ಥ ಆಗಲ್ಲ. ಹ್ಯಾಮ್‌ಸ್ಟ್ರಿಂಗ್ ಅಂತ ನಾವು ಒಂದೇ ಹೆಸರಲ್ಲಿ ಕರೆಯೋದು ತೊಡೆ ಹಿಂದಿರೋ ಮೂರು ಸ್ನಾಯುಗಳ ಗುಂಪನ್ನ. ನಾವು ಕೂತಾಗ ನೆಲಕ್ಕೆ ತಾಗೋ ಪೃಷ್ಠದ ಮೂಳೆ ಇದೆಯಲ್ಲ, ಅಲ್ಲಿಂದ ಶುರುವಾಗಿ ಮಂಡಿ ಕೆಳಗಿನವರೆಗೂ ಇಳಿಯುತ್ತೆ, ಅಂದ್ರೆ ಸೊಂಟದ ಕೀಲು, ಮಂಡಿ ಕೀಲು ಎರಡನ್ನೂ ದಾಟುತ್ತೆ. ಪೂರ್ತಿ ಸ್ಪೀಡಲ್ಲಿ ಓಡುವಾಗ ಅದಕ್ಕೆ ಅತಿ ಹೆಚ್ಚು ಹೊರೆ ಬೀಳೋದು ನೆಲಾನ ತಳ್ಳುವಾಗ ಅಂತ ಎಷ್ಟೋ ಜನ ಅಂದ್ಕೊಂಡಿದಾರೆ, ಆದ್ರೆ ಅದಕ್ಕಿಂತ ಅಪಾಯದ ಕ್ಷಣ ಅದಕ್ಕೆ ಸ್ವಲ್ಪ ಮುಂಚೆ ಬರುತ್ತೆ. ಕಾಲು ಗಾಳೀಲಿ ಮುಂದಕ್ಕೆ ಚಾಚ್ಕೊಂಡು ಹೋಗ್ತಿರುತ್ತೆ, ಮಂಡಿ ಬಿಚ್ಕೊಳ್ತಿರುತ್ತೆ, ಹಿಂಗೇ ಬಿಟ್ರೆ ಕಾಲು ಎಲ್ಲಿಗೋ ಹೋಗ್ಬಿಡುತ್ತೆ, ಅದನ್ನ ಹಿಡಿದು ಬ್ರೇಕ್ ಹಾಕಿ ವಾಪಸ್ ನೆಲಕ್ಕೆ ಎಳೀಬೇಕು. ಆ ಬ್ರೇಕೇ ಹ್ಯಾಮ್‌ಸ್ಟ್ರಿಂಗ್. ಸ್ನಾಯು ಉದ್ದ ಆಗ್ತಾ ಇರುವಾಗ್ಲೇ ಬಿಗಿ ಹಿಡೀಬೇಕು, ಹಗ್ಗ ಜಗ್ಗಾಟದಲ್ಲಿ ಹಿಂದಕ್ಕೆ ಜಾರ್ತಾ ಇದ್ರೂ ಹಗ್ಗ ಬಿಡದೆ ಹಿಡ್ಕೊಂಡಿರ್ತೀವಲ್ಲ, ಹಂಗೆ. ಸೆಕೆಂಡಿನ ಸಣ್ಣ ತುಣುಕಲ್ಲಿ ನಡೆಯೋ ಕೆಲಸ ಇದು, ಪ್ರತಿ ಹೆಜ್ಜೇಲೂ. ಹರಿಯೋದು ಸಾಮಾನ್ಯವಾಗಿ ಆ ಮೂರರಲ್ಲಿ ಹೊರಗಡೆ ಇರೋ ಬೈಸೆಪ್ಸ್ ಫೆಮೊರಿಸ್ ಅನ್ನೋದು.

ಈಗ ಬೆನ್ನಿನ ವಿಷಯ. ಹ್ಯಾಮ್‌ಸ್ಟ್ರಿಂಗ್‌ಗೆ ಸಿಗ್ನಲ್ ಕೊಡೋ ನರ ಹೊರಡೋದು ಕೆಳಬೆನ್ನಿಂದ. ಹ್ಯಾಮ್‌ಸ್ಟ್ರಿಂಗ್ ಅಂಟ್ಕೊಂಡಿರೋ ಸೊಂಟದ ಮೂಳೇನ ನೆಟ್ಟಗೆ ಹಿಡಿದಿಡೋದು ಹೊಟ್ಟೆ, ಬೆನ್ನಿನ ಸ್ನಾಯುಗಳು. ಬೆನ್ನು ನೋವಿದ್ದಾಗ ದೇಹ ತಾನಾಗೇ ಏನೋ ಅಡ್ಜಸ್ಟ್ ಮಾಡ್ಕೊಳ್ಳುತ್ತೆ, ಸೊಂಟ ಮುಂದಕ್ಕೆ ವಾಲುತ್ತೆ, ವಾಲಿದ ಕೂಡ್ಲೇ ಹ್ಯಾಮ್‌ಸ್ಟ್ರಿಂಗ್ ಮೊದಲೇ ಎಳ್ಕೊಂಡಂಗೆ ಆಗುತ್ತೆ, ಅದರ ಮೇಲೆ ಸ್ಪ್ರಿಂಟ್ ಹೊರೆ ಬಿದ್ರೆ ತಡ್ಕೊಳ್ಳೋಕೆ ಉಳಿದಿರೋ ಜಾಗ ಕಮ್ಮಿ. ಅದಕ್ಕೇ ತಿಳಿದ ಫಿಸಿಯೋಗಳು ತೊಡೆ ನೋವು ಅಂತ ಬಂದವರನ್ನ ಮೊದಲು ಬೋರಲು ಮಲಗಿಸಿ ಬೆನ್ನು ನೋಡ್ತಾರೆ.

ಹಿಮಾ ವಿಷಯದಲ್ಲಿ ಬೆನ್ನು ನೋವಿಗೆ ಸಿಕ್ಕ ಪರಿಹಾರ ಏನಪ್ಪಾ ಅಂದ್ರೆ ಓಟವನ್ನೇ ಬದಲಾಯಿಸಿದ್ದು. 400 ಮೀಟರ್ ಬೆನ್ನಿಗೆ ಭಾರ ಆಗುತ್ತೆ ಅಂತ 200, 100 ಮೀಟರ್ ಕಡೆಗೆ ತಿರುಗಿದ್ಲು. ಕೇಳೋಕೆ ಸರಿ ಅನ್ಸುತ್ತೆ, ದೂರ ಕಮ್ಮಿ ಆದ್ರೆ ಸುಸ್ತು ಕಮ್ಮಿ, ಬೆನ್ನಿಗೂ ಆರಾಮು. ಆದ್ರೆ ಓಟ ಚಿಕ್ಕದಾದಷ್ಟೂ ಸ್ಪೀಡ್ ಜಾಸ್ತಿ, ಸ್ಪೀಡ್ ಜಾಸ್ತಿ ಆದಷ್ಟೂ ಆ ಬ್ರೇಕಿನ ಮೇಲೆ ಬೀಳೋ ಹೊರೆ ಏರ್ತಾ ಹೋಗುತ್ತೆ, ಅದೂ ಸಣ್ಣಗೆ ಏರಲ್ಲ, 90 ಪರ್ಸೆಂಟ್ ಸ್ಪೀಡಿಗೂ ಪೂರ್ತಿ ಸ್ಪೀಡಿಗೂ ಹ್ಯಾಮ್‌ಸ್ಟ್ರಿಂಗ್ ಪಾಲಿಗೆ ಬೇರೆ ಬೇರೆ ಆಟವೇ. 400 ಓಡುವವರು ಯಾರೂ ಪೂರ್ತಿ ಟಾಪ್ ಸ್ಪೀಡಲ್ಲಿ ಇಡೀ ಓಟ ಓಡಲ್ಲ, ಉಳಿಸಿ ಓಡ್ತಾರೆ. ಬೆನ್ನು ಕಾಪಾಡೋಕೆ ಅಂತ ಹೊರೇನ ಬೆನ್ನಿಂದ ತೆಗೆದು ತೊಡೆ ಮೇಲೆ ಇಟ್ಟಂಗೆ ಆಯ್ತು ಅಂತ ನನ್ನ ಅಭಿಪ್ರಾಯ. ಈ ಬದಲಾವಣೆ ಮಾಡಲೇಬಾರದಿತ್ತು ಅಂತ ನಾನು ಹೇಳ್ತಿಲ್ಲ, ಆದ್ರೆ ಮಾಡಿದ್ರೆ ಅದಕ್ಕೆ ಒಂದೂವರೆ ಎರಡು ವರ್ಷ ನಿಧಾನಕ್ಕೆ ತೊಡೆ ಕಟ್ಬೇಕು. ಸಿಕ್ಕಿದ್ದೇನು? 2020 ಲಾಕ್‌ಡೌನಲ್ಲಿ ಹೋಯ್ತು, 2021 ಬಂದಿದ್ದೇ ಕ್ವಾಲಿಫಿಕೇಶನ್ ಓಟ, 200ರ ಜೊತೆಗೆ 4x100 ರಿಲೇನೂ ಕ್ವಾಲಿಫೈ ಮಾಡಿಸ್ಬೇಕು, ಅದಕ್ಕೆ 100 ಮೀಟರೂ ಓಡ್ಬೇಕು. ಜೂನ್ ತಿಂಗಳ ಪಟಿಯಾಲದ ಸೆಖೆ ಬೇರೆ.

ಹರಿದ ಮೇಲೆ ಏನಾಗುತ್ತೆ ಅನ್ನೋದು ನಾನು ಹತ್ರದಿಂದ ನೋಡಿರೋ ಒಂದು ಕೇಸಲ್ಲಿ ಹೇಳ್ತೀನಿ. ನಮ್ಮ ಟ್ರ್ಯಾಕಲ್ಲಿ 17ರ ಹುಡುಗಿ ಒಬ್ಬಳಿದ್ಲು, 200 ಮೀಟರು. ತಿರುವು ಮುಗಿದು ನೇರಕ್ಕೆ ಬರೋ ಜಾಗ ಇದೆಯಲ್ಲ, ಅಲ್ಲಿ ನಾನು ವಾಚ್ ಹಿಡಿದು ನಿಂತಿದ್ದೆ, ಐದಾರು ಮೀಟರ್ ದೂರ. ಅವಳ ಎಡಗಾಲು ಮುಂದಕ್ಕೆ ಹೋಯ್ತು, ನೆಲ ಮುಟ್ಟೋಕೆ ಮುಂಚೇನೇ ಮುಖ ಬದಲಾಯ್ತು, ನಾನು ಅದನ್ನ ಕಣ್ಣಾರೆ ನೋಡಿದೆ, ಕಾಲು ಊರೋಕೆ ಮುಂಚೆ. ಆಮೇಲೆ ಎಡಗೈ ತೊಡೆ ಹಿಂದಕ್ಕೆ ಹೋಯ್ತು, ಎರಡು ಕುಂಟು ಹೆಜ್ಜೆ, ಮೂರನೇದಕ್ಕೆ ಕೂತ್ಲು. "ಯಾರೋ ಹಿಂದಿಂದ ಕಲ್ಲಲ್ಲಿ ಹೊಡೆದಂಗಾಯ್ತು ಸರ್" ಅಂದ್ಲು. ಎರಡು ದಿನಕ್ಕೆ ತೊಡೆ ಹಿಂದೆ ನೇರಳೆ ಬಣ್ಣದ ಕಲೆ ಇಳೀತು, ಮಂಡಿವರೆಗೂ.

ಹತ್ತು ದಿನಕ್ಕೆ ನಡೀತಿದ್ಲು. ಎರಡೂವರೆ ವಾರಕ್ಕೆ ಜಾಗಿಂಗ್. ಮೂರು ವಾರ ದಾಟಿದ್ಮೇಲೆ ಬಂದು "ಈಗ ನೋವಿಲ್ಲ ಸರ್" ಅಂದ್ಲು, ಸುಳ್ಳಲ್ಲ, ನಿಜವಾಗ್ಲೂ ನೋವಿರ್ಲಿಲ್ಲ. ನಾಲ್ಕನೇ ವಾರ ಸೆಲೆಕ್ಷನ್ ಇತ್ತು, ಅವಳ ಕೋಚು ಓಡ್ಸಿದ್ರು, ನಾನೂ ಬೇಡ ಅನ್ಲಿಲ್ಲ, ಅದು ಇವತ್ತಿಗೂ ಕೊರೀತಿದೆ. ಅದೇ ಜಾಗ, ಅದೇ ಕಾಲು, ಈ ಸಲ ಇನ್ನೂ ಮೇಲ್ಗಡೆ, ಪೃಷ್ಠದ ಹತ್ರ.

ನೋವು ಹೋಗೋದು ಬೇರೆ, ಸ್ನಾಯು ಸಿದ್ಧ ಆಗೋದು ಬೇರೆ. ಇವೆರಡರ ನಡುವೆ ಒಂದು ಅಂತರ ಇರುತ್ತೆ, ಕೆಲವರಿಗೆ ಮೂರು ವಾರ, ಕೆಲವರಿಗೆ ಮೂರು ತಿಂಗಳು, ಸ್ಪ್ರಿಂಟರ್‌ಗಳ ಕರಿಯರ್ ಹಾಳಾಗೋದು ಈ ಅಂತರದಲ್ಲೇ. ಹರಿದ ಜಾಗದಲ್ಲಿ ಮೊದಲು ಕಲೆಯ ಅಂಗಾಂಶ ಬೆಳೆಯುತ್ತೆ, ಅದಕ್ಕೆ ಸ್ನಾಯುವಿನ ಹಾಗೆ ಹಿಗ್ಗೋ ಗುಣ ಇಲ್ಲ, ಅದರ ಪಕ್ಕದ ಎಳೆಗಳ ಮೇಲೆ ಎಳೆತ ಜಾಸ್ತಿ ಬೀಳುತ್ತೆ. ಮೆದುಳು ಆ ಸ್ನಾಯುವಿಗೆ ಪೂರ್ತಿ ಕರೆಂಟ್ ಕೊಡೋದನ್ನ ನಿಲ್ಲಿಸಿರುತ್ತೆ, ಕಾಪಾಡೋಕೆ ಅಂತ, ನೋವು ಹೋದ್ಮೇಲೂ ಎಷ್ಟೋ ದಿನ ಹಂಗೇ ಮುಂದುವರೀತದೆ. ಎಳೆಗಳು ಗಿಡ್ಡ ಆಗಿರುತ್ತೆ. ನಡೆದ್ರೆ ಓಡಿದ್ರೆ ಏನೂ ಗೊತ್ತಾಗಲ್ಲ, ಯಾಕಂದ್ರೆ ಜಾಗಿಂಗಿಗೆ ಇಷ್ಟೆಲ್ಲ ಬೇಕೇ ಇಲ್ಲ, ಟಾಪ್ ಸ್ಪೀಡಿಗೆ ಹೋದಾಗ್ಲೇ ಪರೀಕ್ಷೆ. ಅದಕ್ಕೇ ಹ್ಯಾಮ್‌ಸ್ಟ್ರಿಂಗ್ ವಿಷಯದಲ್ಲಿ ಮುಂದಿನ ಇಂಜುರಿಗೆ ಎಲ್ಲಕ್ಕಿಂತ ದೊಡ್ಡ ಮುನ್ಸೂಚನೆ ಹಿಂದಿನ ಇಂಜುರಿನೇ, ಮತ್ತೆ ಹರಿಯೋದ್ರಲ್ಲಿ ದೊಡ್ಡ ಪಾಲು ವಾಪಸ್ ಬಂದ ಮೊದಲ ಕೆಲವು ವಾರಗಳಲ್ಲೇ ಆಗೋದು.

ಎಲ್ಲಿ ಹರೀತು ಅನ್ನೋದೂ ಮುಖ್ಯ. ಬ್ರಿಟನ್ನಿನ ಅಥ್ಲೆಟಿಕ್ಸ್ ಡಾಕ್ಟರ್‌ಗಳು 2014ರಲ್ಲಿ ಒಂದು ವರ್ಗೀಕರಣ ಮಾಡಿದ್ರು, 0ಇಂದ 4ರವರೆಗೆ ಗ್ರೇಡು, ಜೊತೆಗೆ ಎ, ಬಿ, ಸಿ ಅಂತ ಅಕ್ಷರ. ಎ ಅಂದ್ರೆ ಸ್ನಾಯುವಿನ ಹೊರಪದರ, ಬಿ ಅಂದ್ರೆ ಸ್ನಾಯುವಿನ ಒಳಗೆ, ಸಿ ಅಂದ್ರೆ ಸ್ನಾಯುವಿನ ಒಳಗೇ ಹಾದುಹೋಗೋ ಟೆಂಡನ್‌ಗೆ ಪೆಟ್ಟು ಬಿದ್ದಿದೆ ಅಂತ. ಈ ಸಿ ಇದೆಯಲ್ಲ, ಇದು ಮೋಸದ್ದು. ನೋವು ಬೇಗ ಹೋಗಬಹುದು, ಆದ್ರೆ ವಾಸಿ ಆಗೋಕೆ ತುಂಬಾ ಟೈಮ್ ಬೇಕು, ಮತ್ತೆ ಹರಿಯೋ ಸಾಧ್ಯತೆನೂ ಜಾಸ್ತಿ. ಎಂಆರ್‌ಐ ಮಾಡ್ಸಿ ಓದೋಕೆ ಬರೋರು ನೋಡದೆ ಇದು ಗೊತ್ತೇ ಆಗಲ್ಲ. "ಸಣ್ಣ ಪುಲ್ಲು, ಎರಡು ವಾರ ರೆಸ್ಟ್" ಅಂತ ಹೇಳಿ ಕಳಿಸೋ ಎಷ್ಟು ಕೇಸು ಹಿಂಗಿರುತ್ತೋ.

ರೆಸ್ಟ್ ಅಂದಾಗ ಒಂದು ಮಾತು. ಸುಮ್ಮನೆ ಮಲಗಿದ್ರೆ ಹ್ಯಾಮ್‌ಸ್ಟ್ರಿಂಗ್ ವಾಸಿ ಆಗಲ್ಲ, ಬರೀ ವೀಕ್ ಆಗುತ್ತೆ. ಸ್ನಾಯು ಉದ್ದ ಆಗ್ತಾ ಇರುವಾಗ ಹೊರೆ ಹಾಕೋ ಎಕ್ಸರ್‌ಸೈಜ್ ಬೇಕು, ಮಂಡಿಯೂರಿ ಕೂತು ಹಿಂದೆ ಯಾರೋ ಹಿಮ್ಮಡಿ ಹಿಡ್ಕೊಂಡಿರುವಾಗ ನಿಧಾನಕ್ಕೆ ಮುಂದಕ್ಕೆ ಬೀಳೋ ನಾರ್ಡಿಕ್ ಅನ್ನೋ ವ್ಯಾಯಾಮ ಇದೆಯಲ್ಲ, ಫುಟ್‌ಬಾಲ್ ಆಟಗಾರರಲ್ಲಿ ಅದನ್ನ ಬಿಡದೆ ಮಾಡಿದ ಟೀಮ್‌ಗಳಲ್ಲಿ ಹ್ಯಾಮ್‌ಸ್ಟ್ರಿಂಗ್ ಇಂಜುರಿ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿದಿದೆ. ಒಂದು ಮ್ಯಾಟು, ಕಾಲು ಹಿಡಿಯೋಕೆ ಒಬ್ಬ ಫ್ರೆಂಡು, ಅಷ್ಟೇ ಖರ್ಚು. ಹಾಗೇ ಟಾಪ್ ಸ್ಪೀಡ್ ಓಟನ ಪೂರ್ತಿ ಬಿಟ್ಟು ಕೂತ್ರೂ ಕಷ್ಟ, ಸ್ವಲ್ಪ ಸ್ವಲ್ಪವಾಗಿ ಡೋಸ್ ಕೊಡ್ತಾ ಬರ್ಬೇಕು, ಇಲ್ಲಾಂದ್ರೆ ರೇಸ್ ದಿನವೇ ಸ್ನಾಯುವಿಗೆ ಮೊದಲ ಸಲ ಆ ಸ್ಪೀಡ್ ಪರಿಚಯ ಆಗೋದು.

ಇದಕ್ಕೆಲ್ಲ ಬೇಕಿರೋದು ಟೈಮು. ಟೈಮ್ ಕೊಟ್ರೆ ಏನಾಗುತ್ತೆ ಅನ್ನೋಕೆ ಉಸೇನ್ ಬೋಲ್ಟ್‌ಗಿಂತ ಒಳ್ಳೆ ಉದಾಹರಣೆ ಬೇಡ. ಬೋಲ್ಟ್ ಕೂಡ ಜೂನಿಯರ್ ವಿಶ್ವ ಚಾಂಪಿಯನ್, 2002ರಲ್ಲಿ, 15ನೇ ವಯಸ್ಸಲ್ಲಿ, 200 ಮೀಟರ್. ಅವನ ಬೆನ್ನುಮೂಳೆಗೆ ಹುಟ್ಟಿನಿಂದಲೇ ಸ್ಕೋಲಿಯೋಸಿಸ್, ಅಂದ್ರೆ ಬೆನ್ನು ಪಕ್ಕಕ್ಕೆ ಬಾಗಿರೋದು, ಅದರಿಂದ ಹ್ಯಾಮ್‌ಸ್ಟ್ರಿಂಗ್ ಪದೇ ಪದೇ ಹಿಡ್ಕೊಳ್ತಿತ್ತು. 2004ರ ಅಥೆನ್ಸ್ ಒಲಿಂಪಿಕ್ಸಲ್ಲಿ ಮೊದಲ ಸುತ್ತಲ್ಲೇ ಔಟು, 21.05. 2005ರ ಹೆಲ್ಸಿಂಕಿ ವಿಶ್ವ ಚಾಂಪಿಯನ್‌ಶಿಪ್ ಫೈನಲಲ್ಲಿ ಅರ್ಧದಲ್ಲಿ ನೋವಾಗಿ ಕೊನೆಯವನಾಗಿ ಕುಂಟ್ಕೊಂಡು ಬಂದ. ಆ ಹೊತ್ತಲ್ಲಿ ಜಮೈಕಾದಲ್ಲೂ ಜನ ಇವನ ಕಥೆ ಮುಗೀತು ಅಂದಿದ್ರು. ಕೋಚ್ ಗ್ಲೆನ್ ಮಿಲ್ಸ್ ಮಾಡಿದ್ದು ಬೆನ್ನು, ಸೊಂಟ, ಹೊಟ್ಟೆ ಕಟ್ಟೋ ಕೆಲಸ, ವರ್ಷಗಟ್ಟಲೆ. 2007ರಲ್ಲಿ ಒಸಾಕಾದಲ್ಲಿ ಬೆಳ್ಳಿ, 2008ರಲ್ಲಿ ಬೀಜಿಂಗಲ್ಲಿ 9.69 ಮತ್ತೆ 19.30. ಅಥೆನ್ಸಿಂದ ಬೀಜಿಂಗ್‌ಗೆ ನಾಲ್ಕು ವರ್ಷ. ಬೆನ್ನು ತೊಂದರೆ, ಅದರಿಂದ ತೊಡೆ ತೊಂದರೆ, ಜೂನಿಯರ್ ಚಿನ್ನ, ಇಡೀ ದೇಶದ ನಿರೀಕ್ಷೆ: ಹಿಮಾ ಕೈಯಲ್ಲಿದ್ದ ಎಲೆಗಳು ಬೋಲ್ಟ್ ಕೈಯಲ್ಲೂ ಇದ್ವು. ಅಷ್ಟು ಮಾಡಿದ ಬೋಲ್ಟೂ 2017ರಲ್ಲಿ ಲಂಡನ್‌ನಲ್ಲಿ ಕೊನೇ ರಿಲೇಲಿ ತೊಡೆ ಹಿಡ್ಕೊಂಡೇ ಟ್ರ್ಯಾಕ್ ಮೇಲೆ ಬಿದ್ದ, ಅಂದ್ರೆ ಬೆನ್ನಿನ ತೊಂದರೆ ಅವನನ್ನ ಬಿಟ್ಟು ಹೋಗಿರ್ಲಿಲ್ಲ, ಅದನ್ನ ನಿಭಾಯಿಸ್ಕೊಂಡು ಬಂದಿದ್ರು ಅಷ್ಟೇ.

ನಮ್ಮ ದೇಶದಲ್ಲೇ ಇನ್ನೊಂದು ಉದಾಹರಣೆ ಇದೆ. ನೀರಜ್ ಚೋಪ್ರಾ 2016ರ ಅಂಡರ್ 20 ವಿಶ್ವ ಚಾಂಪಿಯನ್, ಹಿಮಾ 2018ರದ್ದು. ಇಬ್ಬರಿಗೂ 2019ರಲ್ಲೇ ಪೆಟ್ಟು, ಇಬ್ಬರೂ ದೋಹಾ ವಿಶ್ವ ಚಾಂಪಿಯನ್‌ಶಿಪ್ ತಪ್ಪಿಸ್ಕೊಂಡ್ರು. ನೀರಜ್‌ಗೆ ಮೊಣಕೈ, ಮೇ ತಿಂಗಳಲ್ಲಿ ಆಪರೇಶನ್ ಆಯ್ತು, ಆ ಸೀಸನ್ನೇ ಬಿಟ್ಟು ಕೂತು 2020ರ ಜನವರೀಲಿ ದಕ್ಷಿಣ ಆಫ್ರಿಕಾದಲ್ಲಿ ಎಸೆದಿದ್ದು 87.86 ಮೀಟರ್, ಮುಂದಿನದು ಎಲ್ಲರಿಗೂ ಗೊತ್ತು. ಮೊಣಕೈ ಒಂದೇ ಜಾಗದ ತೊಂದರೆ, ಸ್ಕ್ಯಾನಲ್ಲಿ ಕಾಣುತ್ತೆ, ಆಪರೇಶನ್ ಮಾಡಿದ್ಮೇಲೆ ಯಾರೂ "ಮುಂದಿನ ವಾರ ಎಸೀತೀಯಾ" ಅಂತ ಕೇಳಲ್ಲ. ಹೊಲಿಗೆ ಕಾಣ್ತಿರುತ್ತಲ್ಲ. ಬೆನ್ನು ನೋವು, ಮಸಲ್ ಪುಲ್ಲು ಹಂಗಲ್ಲ, ಹೊರಗೆ ಏನೂ ಕಾಣಲ್ಲ, ಹುಡುಗಿ ನಗ್ತಾ ನಡೀತಿದಾಳೆ, ಹಂಗಾಗಿ ಎಲ್ಲರಿಗೂ ಅವಸರ. ಕಾಣದ ಗಾಯಕ್ಕೆ ನಮ್ಮಲ್ಲಿ ತಾಳ್ಮೆ ಕಮ್ಮಿ.

ದುಡ್ಡು, ಸೌಲಭ್ಯ ಇದ್ರೆ ಸಾಕು ಅನ್ನೋರಿಗೆ ಅಮೆರಿಕದ ಟ್ರೇವೊನ್ ಬ್ರೊಮೆಲ್ ಕಥೆ ಹೇಳ್ತೀನಿ. 2014ರಲ್ಲಿ 18ನೇ ವಯಸ್ಸಲ್ಲಿ 100 ಮೀಟರ್ 9.97, 10 ಸೆಕೆಂಡ್ ಒಳಗೆ ಓಡಿದ ಮೊದಲ ಜೂನಿಯರ್. 2015ರಲ್ಲಿ ಬೀಜಿಂಗ್ ವಿಶ್ವ ಚಾಂಪಿಯನ್‌ಶಿಪ್ ಕಂಚು. 2016ರ ರಿಯೋ ರಿಲೇ ಮುಗಿದಾಗ ವೀಲ್‌ಚೇರಲ್ಲಿ ಹೊರಗೆ ಹೋದ, ಹಿಮ್ಮಡಿಯ ಅಕಿಲೀಸ್ ಟೆಂಡನ್. ಎರಡು ಆಪರೇಶನ್, ಹತ್ರಹತ್ರ ಮೂರು ಸೀಸನ್ ಹಾಳು, 2019ರಲ್ಲಿ ವಾಪಸ್ ಬಂದ್ರೆ ಈ ಸಲ ತೊಡೆಸಂದಿ. 2021ರಲ್ಲಿ 9.76 ಓಡಿದ, ಆದ್ರೆ ಅದು ಸೆಪ್ಟೆಂಬರಲ್ಲಿ, ನೈರೋಬಿಲಿ, ಟೋಕಿಯೊದಲ್ಲಿ ಸೆಮಿಫೈನಲಲ್ಲೇ ಔಟಾಗಿದ್ದ. ವಿಜ್ಞಾನ ಎಷ್ಟೇ ಮುಂದುವರೆದ್ರೂ ಪೂರ್ತಿ ತಪ್ಪಿಸೋಕೆ ಆಗಲ್ಲ, ಒಪ್ತೀನಿ. ಆದ್ರೆ ಅವನಿಗೆ ಆ ಮೂರು ವರ್ಷ ಅಂತ ಸಿಕ್ಕಿತ್ತು, ಅದರ ಫಲವೇ 9.76.

ಹಿಮಾಗೆ ವಾಪಸ್ ಬರೋಣ. 2021ರ ಅಕ್ಟೋಬರಲ್ಲಿ ಕೊರೊನಾ ಬೇರೆ ಬಂತು. 2022ರಲ್ಲಿ ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಗೇಮ್ಸ್, 200 ಮೀಟರ್ ಸೆಮಿಫೈನಲ್, 23.42. ಫೈನಲ್ ತಪ್ಪಿದ್ದು 0.01 ಸೆಕೆಂಡಲ್ಲಿ. ಈ ಓಟನ ನಾನು ಸೋಲು ಅಂತ ಒಪ್ಪಲ್ಲ, ಒಂದು ವರ್ಷದ ಹಿಂದೆ ಹರಿದ ತೊಡೆ ಇಟ್ಕೊಂಡು ಅಲ್ಲಿವರೆಗೆ ಬಂದಿದ್ಲು, ದಾರಿ ಸರಿ ಇತ್ತು. 2023ರ ಏಪ್ರಿಲಲ್ಲಿ ಮತ್ತೆ ಹ್ಯಾಮ್‌ಸ್ಟ್ರಿಂಗ್. ಹಾಂಗ್‌ಝೌ ಏಷ್ಯನ್ ಗೇಮ್ಸ್ ಹೋಯ್ತು, ಅಲ್ಲಿ ನಮ್ಮ ಹುಡುಗೀರು 4x400ರಲ್ಲಿ ಬೆಳ್ಳಿ ಗೆದ್ದಾಗ 50.79ರ ಒಡತಿ ಟೀಮಲ್ಲಿ ಇರ್ಲಿಲ್ಲ. ಅದೇ ವರ್ಷ ವೇರ್‌ಅಬೌಟ್ಸ್ ನಿಯಮ ಮುರಿದಿದ್ದಕ್ಕೆ, ಅಂದ್ರೆ ಡೋಪ್ ಟೆಸ್ಟಿಂಗ್‌ನವರಿಗೆ ತಾನೆಲ್ಲಿದೀನಿ ಅಂತ ಸರಿಯಾಗಿ ತಿಳಿಸದೆ 12 ತಿಂಗಳಲ್ಲಿ ಮೂರು ಸಲ ತಪ್ಪಿದ್ದಕ್ಕೆ, ಸಸ್ಪೆನ್ಶನ್ನೂ ಬಂತು. ಆ ಕೇಸಲ್ಲಿ ಯಾವ ನಿಷೇಧಿತ ವಸ್ತುವೂ ಸಿಕ್ಕಿದ್ದಲ್ಲ, ಆದ್ರೆ ನಿಯಮ ನಿಯಮವೇ, ಅದನ್ನ ನಾನು ಸಣ್ಣದು ಅನ್ನಲ್ಲ. ಇಂಜುರೀಲಿ ಮನೇಲಿರೋ ಅಥ್ಲೀಟ್‌ಗೆ ಕ್ಯಾಂಪಿನ ದಿನಚರಿ ತಪ್ಪುತ್ತೆ, ಜೊತೆಗಿರೋರು ಕಮ್ಮಿ ಆಗ್ತಾರೆ, ಇಂಥ ಕಾಗದಪತ್ರದ ಕೆಲಸ ನೋಡ್ಕೊಳ್ಳೋಕೆ ಅಂತ ಒಬ್ರು ಇರ್ಲೇಬೇಕು.

ನಂಗೆ ಕಾಡೋದು ಟ್ರಯಲ್ಸ್ ವಿಷಯ. ನಮ್ಮಲ್ಲಿ ದೊಡ್ಡ ಕೂಟಕ್ಕೆ ಸೆಲೆಕ್ಟ್ ಆಗ್ಬೇಕು ಅಂದ್ರೆ ಇಂಟರ್‌ಸ್ಟೇಟ್ ಓಡ್ಲೇಬೇಕು ಅನ್ನೋದು ಸಾಮಾನ್ಯ ನಿಯಮ, ಎಲ್ಲರಿಗೂ ಸಮಾನ ಅವಕಾಶ ಇರ್ಬೇಕಲ್ಲ, ಅದು ನ್ಯಾಯವೇ. ನೀರಜ್‌ಗೆ, ಸ್ಟೀಪಲ್‌ಚೇಸ್ ಓಟಗಾರ ಅವಿನಾಶ್ ಸಾಬ್ಳೆಗೆ ವಿದೇಶದಲ್ಲಿ ಟ್ರೈನಿಂಗ್ ಇದ್ದಾಗ ಅಥ್ಲೆಟಿಕ್ಸ್ ಫೆಡರೇಶನ್ (ಎಎಫ್‌ಐ) ವಿನಾಯಿತಿ ಕೊಟ್ಟಿದೆ, ಅದೂ ಸರಿಯೇ. ಆದ್ರೆ ಸ್ಪ್ರಿಂಟರ್‌ಗೆ ಈ ನಿಯಮ ಬೇರೆ ಥರ ಹೊಡೆಯುತ್ತೆ. ಜಾವೆಲಿನ್ ಎಸೆಯೋರು ಆರು ಎಸೆತದಲ್ಲಿ ಒಂದು ಚೆನ್ನಾಗಿ ಎಸೆದು ಉಳಿದಿದ್ದು ಬಿಡಬಹುದು, 200 ಮೀಟರ್ ಓಡೋರು ಹೀಟ್ಸು, ಸೆಮಿ, ಫೈನಲು ಅಂತ ಎರಡು ಮೂರು ದಿನದಲ್ಲಿ ಮೂರು ಸಲ ಪೂರ್ತಿ ಹೊರೆ ಹಾಕ್ಬೇಕು, ರಿಲೇ ಇದ್ರೆ ಇನ್ನೂ ಒಂದೆರಡು. ಕ್ವಾಲಿಫೈ ಆಗೋ ಕೊನೇ ದಿನ ಹತ್ರ ಬಂದಾಗ ಅರ್ಧ ವಾಸಿಯಾದ ಕಾಲಲ್ಲಿ ಓಡ್ಬೇಡ ಅಂತ ಯಾವ ಹುಡುಗಿಗೆ ಹೇಳೋಕೆ ಆಗುತ್ತೆ? ಅವಳು ಓಡೇ ಓಡ್ತಾಳೆ. ಬೇಡ ಅನ್ನೋ ಅಧಿಕಾರ ಕೋಚ್ ಕೈಯಲ್ಲೂ ಇರ್ಬಾರ್ದು, ಅಥ್ಲೀಟ್ ಕೈಯಲ್ಲೂ ಇರ್ಬಾರ್ದು, ಯಾಕಂದ್ರೆ ಇಬ್ಬರಿಗೂ ಆ ಟಿಕೆಟ್ ಬೇಕು. ಡಾಕ್ಟರು, ಫಿಸಿಯೋ ಸೇರಿ ನಂಬರ್ ನೋಡಿ ನಿರ್ಧಾರ ಮಾಡ್ಬೇಕು, ಅವರ ಮಾತೇ ಕೊನೇ ಮಾತಾಗಬೇಕು. ಇಂಜುರಿ ಆಗಿರೋರಿಗೆ ಹಿಂದಿನ ಟೈಮ್ ನೋಡಿ ಟ್ರಯಲ್ಸಿಂದ ವಿನಾಯಿತಿ, ಅಥವಾ ಮೂರ್ನಾಲ್ಕು ವಾರ ಬಿಟ್ಟು ಒಂದೇ ಓಟದ ಟ್ರಯಲ್, ಇಷ್ಟನ್ನ ಕಾಗದದಲ್ಲಿ ಬರೆದಿಟ್ರೆ ಅರ್ಧ ಅವಸರ ಅಲ್ಲೇ ಕಮ್ಮಿ ಆಗುತ್ತೆ.

ಈಗ ಇದು ಮಾತಾಡ್ಬೇಕಾಗಿರೋದು ಯಾಕಂದ್ರೆ ನಮ್ಮ ಸ್ಪ್ರಿಂಟಿಂಗಿಗೆ ಒಳ್ಳೆ ಕಾಲ ಬಂದಿದೆ. 2023ರಲ್ಲಿ ಬೆಂಗಳೂರಲ್ಲಿ ನಮ್ಮ ಉಡುಪಿಯ ಮಣಿಕಂಠ ಹೋಬಳಿದಾರ್ ಗಂಡಸರ 100 ಮೀಟರಲ್ಲಿ 10.23 ಓಡಿ ನ್ಯಾಷನಲ್ ರೆಕಾರ್ಡ್ ಮಾಡಿದ್ರು, 2025ರ ಮಾರ್ಚಲ್ಲಿ ಬೆಂಗಳೂರಲ್ಲೇ ಗುರಿಂದರ್‌ವೀರ್ ಸಿಂಗ್ 10.20, ಜುಲೈಲಿ ಗ್ರೀಸಲ್ಲಿ ಅನಿಮೇಶ್ ಕುಜೂರ್ 10.18. ಸ್ಪೀಡ್ ಏರ್ತಿದೆ ಅಂದ್ರೆ ತೊಡೆ ಮೇಲಿನ ಹೊರೆನೂ ಏರ್ತಿದೆ. ಇವರ ಜೊತೆ ಎಂಆರ್‌ಐ ಓದಬಲ್ಲ ಡಾಕ್ಟರು, ವಾರಕ್ಕೊಂದು ಸಲ ಎರಡೂ ಕಾಲಿನ ಬಲ ಅಳೆಯೋ ಮಷೀನು, ರೇಸ್ ಕ್ಯಾಲೆಂಡರ್‌ಗೆ ಬೇಡ ಅನ್ನೋ ಧೈರ್ಯ ಇರೋರು ಇರ್ಲಿ ಅಂತ ನನ್ನಾಸೆ. ಜಿಲ್ಲಾ ಮಟ್ಟದಲ್ಲಂತೂ ಇದ್ಯಾವ್ದೂ ಇಲ್ಲ, ಐಸ್ ಪ್ಯಾಕು, ನೋವಿನ ಸ್ಪ್ರೇ, ಕ್ರೇಪ್ ಬ್ಯಾಂಡೇಜು, ಮುಗೀತು.

ಮೊದಲೇ ಹೇಳಿದ ಆ ಹುಡುಗಿ ಎರಡನೇ ಸಲ ಹರ್ಕೊಂಡ್ಮೇಲೆ ಒಬ್ಬ ಒಳ್ಳೆ ಫಿಸಿಯೋ ಸಿಕ್ಕಿದ್ರು. ಮೊದಲ ದಿನ ಅವರು ಮಾಡಿದ್ದು ಇಷ್ಟೇ: ಅವಳನ್ನ ನೆಲದ ಮೇಲೆ ಅಂಗಾತ ಮಲಗಿಸಿ, ಒಂದು ಹಿಮ್ಮಡಿಯನ್ನ ಬೆಂಚ್ ಮೇಲಿಟ್ಟು, ಇನ್ನೊಂದು ಕಾಲು ಎತ್ತಿ, ಸೊಂಟ ಮೇಲೆತ್ತು ಇಳಿಸು ಅಂದ್ರು, ಆಗಲ್ಲ ಅನ್ನೋವರೆಗೂ. ಬಲಗಾಲಲ್ಲಿ 31. ಎಡಗಾಲಲ್ಲಿ 12ಕ್ಕೆ ತೊಡೆ ಗಡಗಡ ನಡುಗೋಕೆ ಶುರುವಾಯ್ತು, 14ಕ್ಕೆ ಸೊಂಟ ನೆಲಕ್ಕೆ ಬಿತ್ತು. ನೋವು ಇತ್ತಾ ಅಂದ್ರೆ ಇಲ್ಲ ಅಂದ್ಲು. ಯಾವಾಗ ಓಡ್ಬಹುದು ಅಂತ ಅವಳು ಕೇಳಿದಾಗ ಅವರು ತಾರೀಖು ಹೇಳ್ಲಿಲ್ಲ, ಒಂದು ನೋಟ್‌ಬುಕ್ ಕೊಟ್ಟು ಎರಡು ಕಾಲಂ ಎಳೆದು ಬಲ, ಎಡ ಅಂತ ಬರೆದು ಆ 31, 14 ಹಾಕಿದ್ರು.

ಸೆಲೆಕ್ಷನ್ ಒಂದು ಬಂತು, ಹೋಯ್ತು, ಅವಳು ಗ್ಯಾಲರೀಲಿ ಕೂತು ನೋಡಿದ್ಲು. ಹದಿನಾಲ್ಕನೇ ವಾರ ಬೆಳಗ್ಗೆ ಟ್ರ್ಯಾಕಿಗೆ ಬಂದವಳೇ ಗುಡ್ ಮಾರ್ನಿಂಗ್ ಕೂಡ ಹೇಳದೆ ನೋಟ್‌ಬುಕ್ ತೆಗೆದು ಮುಖದ ಮುಂದೆ ಹಿಡಿದ್ಲು, ಎಡ ಕಾಲಂ ಕೊನೇ ಸಾಲಲ್ಲಿ 30 ಅಂತಿತ್ತು, ಸುತ್ತ ಎರಡು ಸಲ ಪೆನ್ನಲ್ಲಿ ರೌಂಡ್ ಹಾಕಿದ್ಲು.